ಗಂಟೆಗೆ ಹತ್ತು ಟನ್

ಹೋದ ವರ್ಷ ಗೆಳತಿಯೊಬ್ಬಳ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಒಂದು ಜಲ್ಲಿ ಕ್ರಷರ್ ಹತ್ತಿರ ಬಸ್ಸು ಪಂಕ್ಚರ್ ಆಗಿ ನಿಂತಿತು. ಎಲ್ಲರೂ ಕೆಳಗಿಳಿದೆವು. ಆಗಷ್ಟೇ ನಾಲ್ಕು ಹನಿ ಬಿದ್ದು ಹೋಗಿದ್ದವು. ಕಾದ ಕಲ್ಲುಪುಡಿಯ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಹೊಲದ ಮಣ್ಣಿನ ವಾಸನೆಯ ಹಾಗೆ ಅದನ್ನು ಯಾರೂ ಹೊಗಳುವುದಿಲ್ಲ. ಮೂಗಿಗಿಂತ ಗಂಟಲಿಗೆ ಮೊದಲು ತಿಳಿಯುವ ವಾಸನೆ. ಅದು ಬಂದದ್ದೇ ತಡ, ನನಗೆ ಸಿಟ್ಟು ಬಂತು. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು, "ಯಾಕ್ರೀ ಅಕ್ಕಾರ, ಆರಾಮಿಲ್ಲೇನು?" ಎಂದು ಕೇಳಿದಳು. ನಲವತ್ತು ವರ್ಷದ ಹಿಂದಿನ ಸಿಟ್ಟು ಎಂದು ಅವಳಿಗೆ ಹೇಗೆ ಹೇಳಲಿ?

ರಾಯಚೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅದಕ್ಕೂ ಮುಂಚೆ, ಎಂಬತ್ತರ ದಶಕ ಶುರುವಾದ ಹೊಸದರಲ್ಲಿ, ಒಂದು ವರ್ಷದ ಮಟ್ಟಿಗೆ ಚಿನ್ನದ ಗಣಿ ಕಂಪನಿಯೊಂದರ ರಾಯಚೂರು ಆಫೀಸಿನಲ್ಲಿ ಲೆಕ್ಕದ ಸಹಾಯಕಿಯಾಗಿದ್ದೆ. ಸಣ್ಣ ಕಂಪನಿ, ಮುಚ್ಚಿ ಎಷ್ಟೋ ಕಾಲವಾಯಿತು. ನನ್ನವ್ವ ರಸ್ತೆ ಕೆಲಸಕ್ಕೆ ಜಲ್ಲಿ ಒಡೆದು ನನ್ನನ್ನು ಓದಿಸಿದವಳು. ಬುದ್ಧನ ಪಟ ಇಟ್ಟುಕೊಂಡ ನಮ್ಮ ಓಣಿಯ ಮನೆಗಳಲ್ಲಿ ಎಂ.ಎಸ್ಸಿ. ಮಾಡಿದವಳು ನಾನೇ ಮೊದಲು. ಕೆಲಸದ ಆದೇಶ ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. "ನಾ ಕಲ್ಲು ಒಡದೆ, ನನ್ನ ಮಗಳು ಕಲ್ಲಿನ ಲೆಕ್ಕ ಬರೀತಾಳ" ಎಂದು ಸಿಕ್ಕಸಿಕ್ಕವರಿಗೆ ಹೇಳಿದಳು.

ಕಂಪನಿಗೆ ಎರಡು ಗಣಿಗಳಿದ್ದವು. ಒಂದು ದೇವದುರ್ಗದ ಕಡೆಯ ಗುಡ್ಡದಲ್ಲಿ, ಇನ್ನೊಂದು ಮಾನ್ವಿ ಕಡೆ, ನೀರಮಾನ್ವಿಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಎರಡೂ ಕಡೆಯ ಕಲ್ಲನ್ನು ಲಾರಿಗಳಲ್ಲಿ ತುಂಬಿ ರಾಯಚೂರು ಊರಾಚೆ ಇದ್ದ ಗಿರಣಿಗೆ ತರುತ್ತಿದ್ದರು. ಗಿರಣಿ ಎಂದರೆ ಉಕ್ಕಿನ ಗುಂಡುಗಳನ್ನು ತುಂಬಿದ ಒಂದು ದೊಡ್ಡ ಡ್ರಮ್ಮು. ಅದು ತಿರುಗಿ ತಿರುಗಿ ಕಲ್ಲನ್ನು ಹಿಟ್ಟು ಮಾಡಬೇಕು, ಆಮೇಲೆ ಆ ಹಿಟ್ಟಿನಿಂದ ಚಿನ್ನ ತೆಗೆಯಬೇಕು. ಡ್ರಮ್ಮು ಒಂದೇ. ದಿನಕ್ಕೆ ಎರಡು ಪಾಳಿ, ಹದಿನಾರು ಗಂಟೆ. ಆ ಹದಿನಾರು ಗಂಟೆಯೊಳಗೆ ಯಾವ ಗಣಿಯ ಕಲ್ಲನ್ನು ಎಷ್ಟು ಅರೆದರೆ ಹೆಚ್ಚು ಚಿನ್ನ ಬರುತ್ತದೆ ಎಂದು ಗಣಿತದಿಂದ ಹೇಳುವುದು ನನ್ನ ಕೆಲಸ. ಇದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ: ಇರುವಷ್ಟರಲ್ಲಿ ಹೆಚ್ಚೆಂದರೆ ಎಷ್ಟು ಸಾಧ್ಯ ಎಂದು ಕಂಡುಹಿಡಿಯುವುದು.

ನಮ್ಮ ಮುಖ್ಯಸ್ಥರು ಮಾಧವರಾವ್ ಎಂಬ ಹಿರಿಯ ಇಂಜಿನಿಯರು. ಎಳೆ ವಯಸ್ಸಿನಲ್ಲಿ ಸುರಂಗದೊಳಗೆ ಕೆಲಸ ಮಾಡಿ ಒಂದು ಕಿವಿ ಕೇಳಿಸದಂತಾಗಿತ್ತು. ತಮಗೆ ಬೇಡವಾದ ಮಾತು ಬಂದಾಗ ಆ ಕಿವಿಯನ್ನು ಮುಂದೆ ಮಾಡುತ್ತಿದ್ದರು. ಮೊದಲ ದಿನವೇ ನನಗೆ ಹೇಳಿದರು, "ನೋಡ್ರಿ ಸುಜಾತಾ, ಹೆಡ್ ಆಫೀಸಿನವರು ಒಂದ ಗಣಿ ಇಟಗೊಂಡು ಒಂದು ಮುಚ್ಚರಿ ಅನ್ನಾಕತ್ತಾರ. ಯಾವುದು ಅಂತ ನನಗ ಗೊತ್ತದ. ಆದರ ನಾ ಹೇಳಿದ್ರ ಅವರು ಕೇಳಂಗಿಲ್ಲ, ಕಂಪ್ಯೂಟರ್ ಹೇಳಿದ್ರ ಕೇಳತಾರ."

ಲೆಕ್ಕಕ್ಕೆ ಅಂಕಿ ಬೇಕು. ಮೂರು ತಿಂಗಳು ಅಂಕಿಗಾಗಿ ಅಲೆದೆ. ದೇವದುರ್ಗಕ್ಕೆ ಟ್ರಂಕ್ ಕಾಲ್ ಮಾಡಿದರೆ ಅಲ್ಲಿಯ ಮೇಲ್ವಿಚಾರಕ, "ದಿನಾ ಎಷ್ಟು ಲಾರಿ ಅಂತ ಕೇಳತೀರೇನು? ಇಪ್ಪತ್ತು ಅಂತ ಬರಕೋರಿ" ಎನ್ನುತ್ತಿದ್ದ. ನಿನ್ನೆ ಎಷ್ಟು ಎಂದರೆ ಇಪ್ಪತ್ತು. ರಜೆಯ ದಿನವೂ ಇಪ್ಪತ್ತು. ಮಾನ್ವಿಯವರು ಅಂಕಿಯನ್ನು ಚೀಟಿಯಲ್ಲಿ ಬರೆದು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು. ಒಮ್ಮೆ ಆ ಚೀಟಿ ಕವಿತಾಳಕ್ಕೆ ಹೋಗಿ ಎಂಟು ದಿನದ ಮೇಲೆ ವಾಪಸು ಬಂತು. ಗಿರಣಿಯ ದಾಖಲೆಯಲ್ಲಿ ಒಳಗೆ ಬಂದ ಲಾರಿಗಳ ತಿಂಗಳ ಮೊತ್ತ ಮಾತ್ರ ಇತ್ತು. ಎರಡೂ ಗಣಿಯ ಕಲ್ಲನ್ನು ಒಂದೇ ಗುಡ್ಡೆಗೆ ಸುರಿಯುತ್ತಿದ್ದರು. ಗಂಟೆಗೆ ಎಷ್ಟು ಟನ್ ಅರೆಯುತ್ತದೆ ಎಂದು ಕೇಳಿದಾಗ ಮಾಧವರಾಯರು ನನ್ನನ್ನು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ, ಅದರ ಮೈಗೆ ಹೊಡೆದಿದ್ದ ಹಿತ್ತಾಳೆ ತಗಡನ್ನು ತೋರಿಸಿದರು. ಗಂಟೆಗೆ ಹತ್ತು ಟನ್ ಎಂದು ಯಂತ್ರ ಮಾಡಿದವರು ಅಚ್ಚೊತ್ತಿದ್ದರು.

"ಇದನ್ನ ಹಾಕ್ರಿ."

ನಾನು ಹಾಕಿದೆ. ಅಲ್ಲೇ ಎರಡು ಮಾರು ದೂರದಲ್ಲಿ ಗಿರಣಿಯ ಮಿಸ್ತ್ರಿ ಖಾಜಾಸಾಬರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಹದಿನೆಂಟು ವರ್ಷ ಆ ಡ್ರಮ್ಮನ್ನು ತಿರುಗಿಸಿದವರು. ಅವರನ್ನು ಮಾಧವರಾಯರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ದೇವದುರ್ಗದ ಒಂದು ಟನ್ ಕಲ್ಲಿನಲ್ಲಿ ಆರು ಗ್ರಾಂ ಚಿನ್ನ, ಮಾನ್ವಿಯದರಲ್ಲಿ ನಾಲ್ಕು. ಗಿರಣಿ ಯಾವ ಕಲ್ಲನ್ನಾದರೂ ಗಂಟೆಗೆ ಹತ್ತು ಟನ್ ಅರೆಯುವುದಾದರೆ ಉತ್ತರಕ್ಕೆ ಕಂಪ್ಯೂಟರ್ ಬೇಕಿಲ್ಲ, ಸಂತೆಯಲ್ಲಿ ಬದನೆಕಾಯಿ ಮಾರುವವಳೂ ಹೇಳುತ್ತಾಳೆ. ಆದರೂ ಅಂಕಿಗಳನ್ನು ಕಂಪ್ಯೂಟರ್ ಓದುವ ಕಾರ್ಡುಗಳ ಮೇಲೆ ತೂತು ಮಾಡಿಸಿ ಹೈದರಾಬಾದಿಗೆ ಕಳಿಸಿದೆವು. ಮೂರು ವಾರ ಕಾದ ಮೇಲೆ ಹಸಿರು ಪಟ್ಟೆಯ ಉದ್ದನೆಯ ಕಾಗದ ಬಂತು. ಮಾನ್ವಿಯ ಎದುರು ಸೊನ್ನೆ, ದೇವದುರ್ಗದ ಎದುರು ದಿನಕ್ಕೆ ನೂರ ಅರವತ್ತು ಟನ್. ಆ ದಿನ ಶುಕ್ರವಾರ. ಮಾಧವರಾಯರು ಕಾಗದಕ್ಕೆ ಕುಂಕುಮ ಹಚ್ಚಿದರು. ಅಡಿಯಲ್ಲಿ ನನ್ನ ಸಹಿ ಹಾಕಿಸಿಕೊಂಡು ಹೆಡ್ ಆಫೀಸಿಗೆ ನಕಲು ಕಳಿಸಿದರು. ನನಗೆ ಹೆಮ್ಮೆಯೇ ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಯುಗಾದಿ ಮುಗಿದ ಮೇಲೆ ಮಾನ್ವಿ ಗಣಿ ಮುಚ್ಚುವ ಆದೇಶ ಬಂತು. ಅಲ್ಲಿಯ ಅರವತ್ತು ಜನ ಕೂಲಿಗಳ ಹೆಸರಿನ ಪಟ್ಟಿ ಮಾಡಿ ತರಲು ನನ್ನನ್ನೇ ಕಳಿಸಿದರು. ಬಿಸಿಲೆಂದರೆ ಬಿಸಿಲು. ನೀರಮಾನ್ವಿಯಲ್ಲಿ ಬಸ್ಸಿಳಿದು ಗಣಿ ಮುಟ್ಟುವ ಹೊತ್ತಿಗೆ ಚಪ್ಪಲಿಯ ಅಡಿ ಮೆತ್ತಗಾಗಿತ್ತು. ತಗಡಿನ ಚಪ್ಪರದ ಕೆಳಗೆ ಹೆಂಗಸರು ಸುತ್ತಿಗೆಯಿಂದ ಕಲ್ಲು ಒಡೆದು, ಚಿನ್ನ ಸಿಗುವ ಬಿಳಿ ಎಳೆ ಇದ್ದದ್ದನ್ನು ಒಂದು ಕಡೆ, ಬರೀ ಕರಿಕಲ್ಲನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ಅವರ ಮೇಳಕ್ಕೆ ಹಿರಿಯಳು ಈರಮ್ಮ. ನನ್ನವ್ವನ ವಯಸ್ಸು, ನನ್ನವ್ವನ ಹಾಗೆಯೇ ಎಡಗೈ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಆದೇಶದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಯಾಕ ಮುಚ್ಚತಾರ ಯವ್ವಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ದೇವದುರ್ಗದ ಕಲ್ಲಿನಾಗ ಬಂಗಾರ ಜಾಸ್ತಿ ಅದ ಯವ್ವಾ. ಗಿರಣಿ ಒಂದ ಅದಲ್ಲ, ಅದಕ್ಕ ಆ ಕಲ್ಲ ಹಾಕಿದ್ರ ಚೊಲೋ ಅಂತ ಲೆಕ್ಕ ಬಂದದ."

ಈರಮ್ಮ ಸುತ್ತಿಗೆ ಕೆಳಗಿಟ್ಟಳು. "ನನ್ನ ತವರು ದೇವದುರ್ಗದ ಮಗ್ಗಲಾಗ ಅದ. ಮದುವಿಗಿಂತ ಮುಂಚೆ ಆ ಗುಡ್ಡದಾಗ ನಾಕು ವರ್ಷ ಇದ ಕೆಲಸ ಮಾಡೀನಿ. ಆ ಕಲ್ಲಿಗೆ ಹೊಡದ್ರ ಸುತ್ತಿಗಿ ವಾಪಸ್ ಜಿಗೀತದ. ಎಂಟು ದಿನಕ್ಕೊಂದು ಕಾವು ಮುರೀತಿತ್ತು. ಇಲ್ಲಿ ನೋಡು," ಎಂದು ಸುತ್ತಿಗೆಯ ಮರದ ಹಿಡಿಕೆಯನ್ನು ಮುಟ್ಟಿ ತೋರಿಸಿದಳು. "ಈ ಕಾವು ಹಾಕಿ ಎರಡು ತಿಂಗಳಾತು."

"ಅಂದ್ರ?"

"ಅಂದ್ರ ಏನಂದ್ರ, ಬಿಳಿಜ್ವಾಳ ಬೀಸೂದಕ್ಕೂ ಕಡ್ಲಿ ಬೀಸೂದಕ್ಕೂ ಒಂದ ಹೊತ್ತು ಹಿಡೀತದೇನು? ಅಷ್ಟು ಗಟ್ಟಿ ಕಲ್ಲ ನಿಮ್ಮ ಗಿರಣಿ ಹೆಂಗ ತಿಂತದ?"

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಟನ್ನಿಗೆ ಎಷ್ಟು ಗ್ರಾಂ ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದ್ದೆವು. ಗಂಟೆಗೆ ಎಷ್ಟು ಗ್ರಾಂ ಎಂದು ಒಬ್ಬರೂ ಕೇಳಿರಲಿಲ್ಲ. ಕಡಿಮೆ ಇದ್ದದ್ದು ಕಲ್ಲಲ್ಲ, ಡ್ರಮ್ಮಿನ ಗಂಟೆಗಳು. ಜಲ್ಲಿ ಒಡೆದವಳ ಮನೆಯಲ್ಲಿ ಬೆಳೆದು, ಕಲ್ಲಿನಲ್ಲಿ ಗಟ್ಟಿ ಮೆತ್ತಗೆ ಇರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಕಾಲೇಜಿನಲ್ಲಿ ಇದೇ ಬಗೆಯ ಲೆಕ್ಕಕ್ಕೆ ನನಗೆ ಪದಕ ಕೊಟ್ಟಿದ್ದರು.

ಪಟ್ಟಿ ಅರ್ಧಕ್ಕೇ ಬಿಟ್ಟು ರಾಯಚೂರಿಗೆ ಮರಳಿದೆ. ಮಾರನೆಯ ದಿನ ನೇರವಾಗಿ ಖಾಜಾಸಾಬರ ಹತ್ತಿರ ಹೋದೆ.

"ಚಾಚಾ, ದೇವದುರ್ಗದ ಕಲ್ಲು ಅರಿಯೂದಕ್ಕ ಜಾಸ್ತಿ ಹೊತ್ತು ಹಿಡೀತದೇನು?"

"ಡಬಲ್ ಹಿಡೀತದಮ್ಮಾ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಹದಿನೆಂಟು ವರ್ಷ ಆತು, ನನ್ನ ಯಾರು ಕೇಳ್ಯಾರ? ನೀವು ಬಂದು ತಗಡು ಓದಿಕೊಂಡು ಹೋದ್ರಿ. ತಗಡಿಗೆ ಏನು ಗೊತ್ತು, ಅದು ಫ್ಯಾಕ್ಟರ್‍ಯಾಗ ಹುಟ್ಟಿದ್ದು."

ಮಾಧವರಾಯರು ಆ ವಾರ ಹೈದರಾಬಾದಿನಲ್ಲಿದ್ದರು. ಖಾಜಾಸಾಬರು ತಮ್ಮ ಜವಾಬ್ದಾರಿಯ ಮೇಲೆ ಎರಡು ಗುಡ್ಡೆ ಬೇರೆ ಬೇರೆ ಮಾಡಿಸಿದರು. ಒಂದು ದಿನ ಪೂರ್ತಿ ಮಾನ್ವಿಯ ಕಲ್ಲು, ಮಾರನೆಯ ದಿನ ಪೂರ್ತಿ ದೇವದುರ್ಗದ್ದು. ನಾನು ಕೈಗಡಿಯಾರ ಹಿಡಿದು ಸ್ಟೂಲಿನ ಮೇಲೆ ಕೂತೆ. ಮಾತು ಕೇಳಿಸದಷ್ಟು ಸದ್ದು. ಲಾರಿಗೆ ಹತ್ತು ಟನ್ ಕಲ್ಲು ಹಿಡಿಯುತ್ತಿತ್ತು. ಮಾನ್ವಿಯ ಒಂದು ಲಾರಿ ಕಲ್ಲು ಒಂದು ಗಂಟೆಗೆ ಮುಗಿಯಿತು. ದೇವದುರ್ಗದ ಒಂದು ಲಾರಿಗೆ ಎರಡು ಗಂಟೆ ಮೇಲೆ ಐದು ನಿಮಿಷ. ಅಂದರೆ ಒಂದು ಗಂಟೆ ಡ್ರಮ್ಮು ತಿರುಗಿದರೆ ಮಾನ್ವಿಯ ಕಲ್ಲಿನಿಂದ ನಲವತ್ತು ಗ್ರಾಂ ಚಿನ್ನ. ಸಿರಿವಂತ ಎನಿಸಿಕೊಂಡ ದೇವದುರ್ಗದ ಕಲ್ಲಿನಿಂದ ಮೂವತ್ತೂ ತುಂಬುವುದಿಲ್ಲ.

ಎರಡು ದಿನ ಫುಲ್‌ಸ್ಕೇಪ್ ಹಾಳೆಗಳ ಮೇಲೆ ಕೈಯಿಂದಲೇ ಲೆಕ್ಕ ಮಾಡಿದೆ. ಉತ್ತರ ಬೇರೆಯೇ ಬಂತು: ಮಾನ್ವಿಯಿಂದ ಬರುವಷ್ಟೂ ಕಲ್ಲನ್ನು ಮೊದಲು ಅರೆಯಬೇಕು, ಉಳಿದ ಗಂಟೆಗಳಿಗೆ ದೇವದುರ್ಗದ್ದನ್ನು ಹಾಕಬೇಕು. ಎರಡೂ ಗಣಿ ಇರಬೇಕು. ಯಾವುದನ್ನೂ ಮುಚ್ಚಬೇಕಿಲ್ಲ.

ಮಾಧವರಾಯರು ಬಂದ ದಿನವೇ ಹಾಳೆಗಳನ್ನು ಅವರ ಮುಂದಿಟ್ಟೆ. ಎರಡು ಪುಟ ತಿರುವಿ ಹಾಕಿ, "ಇದನ್ನ ಯಾವ ಕಂಪ್ಯೂಟರ್‌ನಾಗ ಮಾಡ್ಸಿದ್ರಿ?" ಎಂದರು.

"ಕೈಲೆ ಮಾಡೀನ್ರಿ."

"ಕೈಲೆ." ಕನ್ನಡಕ ತೆಗೆದರು. "ಹೆಡ್ ಆಫೀಸಿಗೆ ಕಂಪ್ಯೂಟರ್ ಉತ್ತರ ಹೋಗ್ಯದ. ಅದರ ಅಡಿಯಾಗ ಸಹಿ ಯಾರದು?"

"ನಂದೇರಿ. ಆದರ ಅದರಾಗ ಒಂದು ಅಂಕಿ ತಪ್ಪದ. ಕಂಪ್ಯೂಟರ್‌ದು ತಪ್ಪಲ್ಲ, ನಾವು ಕೊಟ್ಟಿದ್ದು ತಪ್ಪು."

"ಈಗ ಹೋಗಿ ತಪ್ಪು ಅಂದ್ರ ನನ್ನ ಮರ್ಯಾದಿ ಏನಾಗಬೇಕು? ನಿಮ್ಮ ನೌಕರಿ ಏನಾಗಬೇಕು? ಆ ಮಿಸ್ತ್ರಿ ಮಾತು, ಕಲ್ಲು ಒಡಿಯೋರ ಮಾತು ಕಟಗೊಂಡು ಗಣಿ ನಡಸೂದಾಗಿದ್ರ ನಿಮ್ಮನ್ನ ಯಾಕ ತಗೋತಿದ್ವಿ?"

ನಾನು ಮತ್ತೆ ಶುರು ಮಾಡಿದೆ. ಅವರು ಕೇಳದ ಕಿವಿಯನ್ನು ಮುಂದೆ ಮಾಡಿದರು. ಆ ವಾರದಲ್ಲಿ ಮೂರು ಸಲ ಹೋದೆ. ಮೂರನೆಯ ಸಲ ಹಾಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೆಡ್ ಆಫೀಸಿಗೆ ನಾನೇ ಒಂದು ಕಾಗದ ಬರೆದೆ. ಅದು ನಿಯಮದ ಪ್ರಕಾರ ಮೇಲಧಿಕಾರಿಯ ಮೂಲಕ ಬಂದಿಲ್ಲ ಎಂಬ ಟಿಪ್ಪಣಿ ಹೊತ್ತು, ಮೇಲಧಿಕಾರಿಯ ಮೇಜಿಗೇ ವಾಪಸು ಬಂತು. ಮನೆಯಲ್ಲಿ ಅವ್ವನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡು, "ತಪ್ಪು ಮಾಡಿದಾಕಿ ನೀನು. ಹೋಗಿ ಆ ಹೆಣ್ಣುಮಕ್ಕಳ ಮುಂದ ಹೇಳು. ನನ್ನ ಮುಂದ ಕೂಗಿದ್ರ ಏನು ಬಂತು?" ಎಂದಳು.

ಹೋದೆ. ಅದು ಗಣಿಯ ಕೊನೆಯ ದಿನ. ಚಪ್ಪರದ ತಗಡುಗಳನ್ನು ಆಗಲೇ ಬಿಚ್ಚುತ್ತಿದ್ದರು. ಲೆಕ್ಕ ತಪ್ಪಿದ್ದು ನನ್ನಿಂದ, ಸರಿ ಮಾಡಲು ಹೋದರೆ ಕೇಳುವವರಿಲ್ಲ ಎಂದು ಅವರೆಲ್ಲರ ಎದುರು ಹೇಳಿದೆ. ಕೆಲವರು ಮುಖ ತಿರುಗಿಸಿದರು. ಒಬ್ಬಳು, "ಈಗ ಹೇಳಿದ್ರ ನಮ್ಮ ಮಕ್ಕಳ ಹೊಟ್ಟಿ ತುಂಬತದೇನು?" ಎಂದಳು. ಈರಮ್ಮ ಬುತ್ತಿಯ ಗಂಟನ್ನೂ ಸುತ್ತಿಗೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು.

ಮಳೆ ಶುರುವಾಯಿತು. ದೇವದುರ್ಗದ ದಾರಿಯ ಎರೆಮಣ್ಣು ಲಾರಿಯ ಗಾಲಿಗಳನ್ನು ಅಚ್ಚಿನ ತನಕ ನುಂಗುತ್ತಿತ್ತು. ಆದರೂ ಎತ್ತು ಕಟ್ಟಿ ಎಳೆಸಿ, ಕಲ್ಲು ಹಾಸಿ, ಹೇಗೋ ಲಾರಿಗಳನ್ನು ತಂದರು. ತಂದ ಕಲ್ಲನ್ನು ಡ್ರಮ್ಮು ಅರೆಯಬೇಕಲ್ಲ! ಗಿರಣಿಯ ಅಂಗಳದಲ್ಲಿ ಗುಡ್ಡೆ ಬೆಳೆಯತೊಡಗಿತು. ಮೊದಲು ಆಳೆತ್ತರ, ಆಮೇಲೆ ಗೋಡೆಯ ಎತ್ತರ. ಕಂಪ್ಯೂಟರ್ ಕಾಗದ ಹೇಳಿದ ಚಿನ್ನದಲ್ಲಿ ಅರ್ಧದಷ್ಟೂ ಬರಲಿಲ್ಲ. ಹೆಡ್ ಆಫೀಸಿನಿಂದ ತಂತಿಯ ಮೇಲೆ ತಂತಿ. ಮಾಧವರಾಯರು ಗುಂಡುಗಳನ್ನು ಬದಲಿಸಿದರು. ಬೆಲ್ಟು ಬದಲಿಸಿದರು, ಮೋಟಾರು ಬಿಚ್ಚಿಸಿ ಮತ್ತೆ ಕೂಡಿಸಿದರು. ಪ್ರತಿ ಸಲವೂ ನಾನು ಹೋಗಿ, "ಸರ್, ಕಲ್ಲು ಗಟ್ಟಿ ಅದರಿ" ಎನ್ನುತ್ತಿದ್ದೆ. "ಯಂತ್ರ ಹತ್ತು ಟನ್ನಿಂದು. ಹತ್ತು ಅರೀಬೇಕು" ಎನ್ನುತ್ತಿದ್ದರು. ಹೀಗೆ ಇಡೀ ಮಳೆಗಾಲ ಕಳೆಯಿತು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯ ಗಾರೆಯಾದರೂ ಉದುರುತ್ತದೆ.

ಕೊನೆಗೆ ಯಂತ್ರದಲ್ಲಿ ದೋಷ ಸಿಗದಿದ್ದಾಗ ಮನುಷ್ಯನಲ್ಲಿ ಹುಡುಕಿದರು. ಬೇಕೆಂದೇ ಗಿರಣಿಯನ್ನು ನಿಧಾನ ನಡೆಸಿದ್ದಾರೆ ಎಂದು ಖಾಜಾಸಾಬರನ್ನು ಅಮಾನತು ಮಾಡಿ, ವಿಚಾರಣೆಗೆ ಆದೇಶಿಸಿದರು. ಸುದ್ದಿ ಕೇಳಿ ಅವರ ಮನೆಗೆ ಹೋದೆ. ಅಂಗಳದಲ್ಲಿ ಮಡಚಿದ ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚುತ್ತ ಕೂತಿದ್ದರು.

"ಹದಿನೆಂಟು ವರ್ಷದಾಗ ಒಂದ ದಿನ ತಡ ಮಾಡಿ ಹೋಗಿಲ್ಲಮ್ಮಾ. ಕಳ್ಳ ಅಂದಿದ್ರೂ ತಡಕೋತಿದ್ದೆ. ಮೈಗಳ್ಳ ಅಂದಾರ."

ದಸರೆ ಮುಗಿದ ಮೇಲೆ ವಿಚಾರಣೆ. ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದಿದ್ದರು, ಮಾತಿಗೊಮ್ಮೆ ಕೆಮ್ಮುವ ತೆಳ್ಳಗಿನ ಮನುಷ್ಯ. ನನ್ನನ್ನು ಸಾಕ್ಷಿ ಹೇಳಲು ಕರೆದಿರಲಿಲ್ಲ. ಕರೆಯದೆಯೇ ಒಳಗೆ ಹೋದೆ. ಕೈಯಲ್ಲಿ ಉಗ್ರಾಣದ ಎರಡು ದಪ್ಪ ರಿಜಿಸ್ಟರುಗಳಿದ್ದವು. ಮಾಧವರಾಯರು ಎದ್ದು, "ಇವರದು ಇಲ್ಲಿ ಏನೂ ಕೆಲಸಿಲ್ಲ" ಎಂದರು. ಅಧಿಕಾರಿ ಕೈ ಮಾಡಿ ಅವರನ್ನು ಕೂರಿಸಿದರು.

ಒಂದರಲ್ಲಿ ಗಿರಣಿಗೆ ಕೊಟ್ಟ ಉಕ್ಕಿನ ಗುಂಡುಗಳ ಲೆಕ್ಕವಿತ್ತು, ಇನ್ನೊಂದರಲ್ಲಿ ಎರಡೂ ಗಣಿಗಳಿಗೆ ಕೊಟ್ಟ ಸುತ್ತಿಗೆಯ ಕಾವುಗಳದು. ಮಾನ್ವಿ ಮುಚ್ಚಿ ದೇವದುರ್ಗದ ಕಲ್ಲನ್ನಷ್ಟೇ ಅರೆದ ತಿಂಗಳುಗಳಲ್ಲಿ ಗುಂಡುಗಳು ಬೇಗ ಸವೆದಿದ್ದವು. ಸುತ್ತಿಗೆಯ ಕಾವುಗಳು ಅಲ್ಲಿ ಮಾನ್ವಿಗಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚಾಗಿದ್ದವು. ಇದನ್ನು ಬರೆದಿಟ್ಟವರು ಯಾರಿಗೂ ಏನನ್ನೂ ಸಾಧಿಸಿ ತೋರಿಸಬೇಕಿರಲಿಲ್ಲ, ಹಾಗಾಗಿ ನಿಜ ಬರೆದಿದ್ದರು. ಅಧಿಕಾರಿ ಒಂದೊಂದೇ ಪುಟ ನೋಡಿದರು. ಆಮೇಲೆ ಹಸಿರು ಪಟ್ಟೆಯ ಕಾಗದವನ್ನು ತರಿಸಿಕೊಂಡರು.

"ಇದರಾಗ ಈ ಹತ್ತು ಎಲ್ಲಿಂದ ಬಂತು?"

"ಯಂತ್ರದ ಮ್ಯಾಲಿನ ತಗಡಿನಿಂದರಿ."

"ಬರದವರು ಯಾರು?"

"ನಾನರಿ. ಮಿಸ್ತ್ರಿ ಅಲ್ಲೇ ಇದ್ದರು. ಅವರನ್ನ ಕೇಳದ ಬರದೆ. ನಿಧಾನ ಮಾಡಿದ್ದು ಅವರಲ್ಲ, ನನ್ನ ಅಂಕಿ ತಪ್ಪಾಗಿತ್ತು."

ಅಧಿಕಾರಿ ಮಾಧವರಾಯರ ಕಡೆ ತಿರುಗಿದರು. "ಇವರು ಇದನ್ನ ನಿಮಗ ಮೊದಲ ಹೇಳಿದ್ರೇನು?"

ಮಾಧವರಾಯರು ಈ ಸಲ ಕೇಳದ ಕಿವಿಯನ್ನು ಮುಂದೆ ಮಾಡಲಿಲ್ಲ. ಇಲ್ಲ ಎಂದಿದ್ದರೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಹಾಳೆಗಳೂ ಹೆಡ್ ಆಫೀಸಿನಿಂದ ವಾಪಸು ಬಂದ ಕಾಗದವೂ ಅವರ ಬೀರುವಿನಲ್ಲೇ ಇದ್ದವು.

"ಹೇಳಿದ್ರು" ಎಂದರು. "ಬೇಸಿಗ್ಯಾಗ ಹೇಳಿದ್ರು. ಮೂರು ಸಲ." ಎದ್ದು ಹೋಗಿ ಬೀರುವಿನ ಬೀಗ ತೆಗೆದು ನನ್ನ ಹಾಳೆಗಳನ್ನು ತಂದು ಅಧಿಕಾರಿಯ ಮುಂದಿಟ್ಟರು. ಆ ಮನುಷ್ಯನ ಮೇಲೆ ಆರು ತಿಂಗಳು ಕುದಿದಿದ್ದೆ. ಆ ಒಂದು ಗಳಿಗೆ ಮಾತ್ರ ಏನೂ ಅನ್ನಿಸಲಿಲ್ಲ.

ಖಾಜಾಸಾಬರು ಮಾರನೆಯ ಸೋಮವಾರ ಕೆಲಸಕ್ಕೆ ಮರಳಿದರು. ಮಾಧವರಾಯರಿಗೆ ವರ್ಗವಾಯಿತು. ನನಗೂ ಒಂದು ಕಾಗದ ಬಂತು: ವರ್ಷ ಮುಗಿದ ಮೇಲೆ ಈ ಹುದ್ದೆಯನ್ನು ಮುಂದುವರಿಸುವ ಅಗತ್ಯವಿಲ್ಲ. ಆದರೆ ಸಂಕ್ರಾಂತಿ ಕಳೆದ ಮೇಲೆ ಮಾನ್ವಿ ಗಣಿಯನ್ನು ಮತ್ತೆ ತೆರೆಯಲು ಆದೇಶವಾಯಿತು. ಹಳೆಯ ಕೂಲಿಗಳನ್ನು ಕರೆದು ಹೆಸರು ಬರೆಸುವುದು ನನ್ನ ಕೊನೆಯ ಕೆಲಸ.

ಅರವತ್ತು ಜನರಲ್ಲಿ ಇಪ್ಪತ್ತಾರು ಜನ ಸಿಕ್ಕರು. ಕೆಲವರು ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋಗಿದ್ದರು, ಕೆಲವರು ಮಲ್ಲಟದ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುತ್ತಿದ್ದರು. ಈರಮ್ಮ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಸಿಕ್ಕಳು. ಅಂಗಳದಲ್ಲಿ ಹರವಿದ್ದ ಕುದಿಸಿದ ಭತ್ತವನ್ನು ಕಾಲಿನಿಂದ ತಿರುವಿ ಹಾಕುತ್ತಿದ್ದಳು. ನನ್ನನ್ನು ಕಂಡು ನೆರಳಿಗೆ ಬಂದು, ತಂಬಿಗೆಯಲ್ಲಿ ನೀರು ಕೊಟ್ಟಳು.

"ಗಣಿ ಮತ್ತ ತೆರದಾರ ಯವ್ವಾ. ನೀ ಹೇಳಿದ್ದ ಖರೆ ಆತು. ಎಲ್ಲಾರೂ ಒಪ್ಪಿದರು."

"ಕೇಳೀನಿ. ಆ ಮಿಸ್ತ್ರಿಗೂ ನೌಕರಿ ಬಂತಂತ. ಚೊಲೋ ಆತು."

"ನಿನ್ನ ಹೆಸರು ಮೊದಲ ಬರೀಲೇನು? ಮೇಳಕ್ಕ ನೀನ ಹಿರಿಯಾಕಿ."

ಅವಳು ಕಾಲಿಗೆ ಅಂಟಿದ್ದ ಭತ್ತದ ಕಾಳುಗಳನ್ನು ಒಂದೊಂದಾಗಿ ತೆಗೆದಳು. "ಬ್ಯಾಡ ಯವ್ವಾ. ಗಣಿ ನಿಂತಾಗ ಮೂರು ತಿಂಗಳು ಬಾಳ ಕಷ್ಟಾತು. ನನ್ನ ಸಣ್ಣ ಮಗಳ ಸಾಲಿ ಬಿಡಿಸಿ ಈ ಕೆಲಸಕ್ಕ ಹಚ್ಚೀನಿ, ಅಲ್ಲಿ ನೋಡು." ಅಂಗಳದ ಆ ತುದಿಯಲ್ಲಿ ಹನ್ನೆರಡು ಹದಿಮೂರು ವರ್ಷದ ಒಬ್ಬ ಹುಡುಗಿ ಬಾಗಿ ಕಸ ಗುಡಿಸುತ್ತಿದ್ದಳು. "ನೀ ಒಳ್ಳೇಕಿ ಅದೀ. ಬಂದು ತಪ್ಪಾತು ಅಂದಿ. ಅಷ್ಟು ಯಾರೂ ಅನ್ನಂಗಿಲ್ಲ. ಆದರ ಮತ್ತ ಲೆಕ್ಕ ತಪ್ಪಿದ್ರ ಯವ್ವಾ?"

ಇನ್ನು ತಪ್ಪುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಮುಂದಿನ ತಿಂಗಳಿನಿಂದ ಆ ಲೆಕ್ಕ ಯಾರು ಮಾಡುತ್ತಾರೆ, ಯಾರನ್ನು ಕೇಳಿ ಮಾಡುತ್ತಾರೆ ಎಂಬುದು ನನಗೇ ತಿಳಿದಿರಲಿಲ್ಲ.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಬರುವುದಿಲ್ಲ' ಎಂದು ಬರೆದು, ಅಂಗಳ ದಾಟಿ ಆ ಹುಡುಗಿಯ ಹತ್ತಿರ ಹೋದೆ. ಯಾವ ಕ್ಲಾಸಿಗೆ ಶಾಲೆ ಬಿಟ್ಟೆ ಎಂದು ಕೇಳಿದೆ. ಏಳನೆಯದು ಎಂದಳು. ಮತ್ತೆ ಶಾಲೆಗೆ ಹೋಗುತ್ತೀಯಾ ಎಂದಾಗ ತಾಯಿಯ ಕಡೆ ನೋಡಿದಳು. ಈರಮ್ಮ ನಮ್ಮತ್ತ ಬೆನ್ನು ಮಾಡಿ ಭತ್ತ ತಿರುವತೊಡಗಿದ್ದಳು. ಹುಡುಗಿ ಕಸಬರಿಗೆ ಎತ್ತಿಕೊಂಡು, "ಸ್ವಲ್ಪ ಆಕಡಿ ನಿಂದರ್ರಿ ಅಕ್ಕಾರ, ಇಲ್ಲಿ ಭತ್ತ ಹರವೂದದ" ಎಂದಳು.

ನಾನು ಸರಿದು ನಿಂತೆ.